ಏಳು ಮನೆಗೆ ಚೊಂಗೆ

ನನಗೆ ಸಿಟ್ಟು ಜಾಸ್ತಿ ಎಂದು ನನ್ನ ಜೊತೆ ಕೆಲಸ ಮಾಡಿದ ಮೇಷ್ಟರುಗಳೆಲ್ಲ ಹೇಳುತ್ತಿದ್ದರು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾದ ದಿನ ಬೀಳ್ಕೊಡುಗೆ ಭಾಷಣದಲ್ಲಿ ಹೆಡ್‌ಮಾಸ್ಟರು ಕೂಡ "ಹೊನ್ನೂರಮ್ಮ ಟೀಚರಿಗೆ ಮೂಗಿನ ತುದಿಯಲ್ಲೇ ಕೋಪ" ಎಂದು ಎಲ್ಲರನ್ನೂ ನಗಿಸಿದರು. ನಾನೂ ನಕ್ಕೆ. ಆದರೆ ಆ ಕೋಪ ಎಲ್ಲಿ ಹುಟ್ಟಿತೆಂದು ನನಗೆ ಚೆನ್ನಾಗಿ ಗೊತ್ತು. ದಾವಣಗೆರೆಯ ಒಂದು ಬಡಾವಣೆಯಲ್ಲಿ, ಒಂದು ದೊಡ್ಡ ಮನೆಯ ಹಿತ್ತಲಿನಲ್ಲಿದ್ದ ಎರಡು ಕೋಣೆಗಳಲ್ಲಿ, ನನಗೆ ಒಂಬತ್ತು ವರ್ಷವಿದ್ದಾಗ ಅದು ಹುಟ್ಟಿತು. ಆ ಬಡಾವಣೆಯ ಹೆಸರು ಬರೆಯುವುದಿಲ್ಲ. ಬರೆದರೆ ಉಳಿದ ಬಡಾವಣೆಯವರೆಲ್ಲ ಸದ್ಯ ನಮ್ಮದಲ್ಲ ಎಂದು ಉಸಿರು ಬಿಡುತ್ತಾರೆ. ಅವರಿಗೆ ಆ ನೆಮ್ಮದಿ ಕೊಡಲು ನನಗೆ ಇಷ್ಟವಿಲ್ಲ.

ನಾವು ಪಿಂಜಾರರು. ಹತ್ತಿ ಹಿಂಜಿ ಹಾಸಿಗೆ, ದಿಂಬು ಹೊಲಿದುಕೊಡುವ ಮುಸಲ್ಮಾನರು. ಮನೆಯಲ್ಲಿ ಆಡುವುದು ಕನ್ನಡ, ಜಗಳವಾಡುವುದು ಕನ್ನಡ, ದೇವರನ್ನು ಬೇಡಿಕೊಳ್ಳುವುದೂ ಮುಕ್ಕಾಲುಪಾಲು ಕನ್ನಡದಲ್ಲೇ. ಉರ್ದು ನಮ್ಮ ಅಜ್ಜಿಗೂ ಬರುತ್ತಿರಲಿಲ್ಲ. ಅಪ್ಪನ ಹೆಸರು ಫಕೀರಪ್ಪ, ಅವ್ವನ ಹೆಸರು ಮಾಬವ್ವ, ಒಬ್ಬಳೇ ಮಗಳಾದ ನಾನು ಹೊನ್ನೂರಮ್ಮ. ನಮ್ಮ ಜಾತಿಯ ಹೆಸರನ್ನು ಈ ನಾಡಿನ ಜನ ಬೈಗುಳವಾಗಿಯೂ ಬಳಸುತ್ತಾರೆ. ಜುಗ್ಗ, ಕೈಲಾಗದವನು, ಹರಕು ಬಟ್ಟೆಯವನು, ಯಾರನ್ನು ಹೀಯಾಳಿಸಬೇಕಾದರೂ "ಪಿಂಜಾರಿ" ಎಂದರೆ ಕೆಲಸ ಮುಗಿಯಿತು. ಹಾಗೆ ಬಯ್ದವರು ಮನೆಗೆ ಹೋಗಿ ಪಿಂಜಾರ ಹೊಲಿದ ಹಾಸಿಗೆಯ ಮೇಲೆ ಹಾಯಾಗಿ ಮಲಗುತ್ತಾರೆ. ಕ್ಲಾಸಿನಲ್ಲಿ ಒಬ್ಬ ಹುಡುಗ ಇನ್ನೊಬ್ಬನಿಗೆ ಆ ಮಾತು ಅಂದಾಗ ನಾನು ಪಾಠ ನಿಲ್ಲಿಸಿ, ಅವರವರ ಮನೆಯ ಹಾಸಿಗೆ ಹೊಲಿದವರು ಯಾರೆಂದು ಕೇಳಿಕೊಂಡು ಬರಲು ಇಡೀ ತರಗತಿಗೆ ಹೇಳಿ ಕಳಿಸಿದ್ದೆ. ಅದಕ್ಕೂ ಸ್ಟಾಫ್ ರೂಮಿನಲ್ಲಿ ನನಗೆ ಸಿಟ್ಟು ಜಾಸ್ತಿ ಎಂದೇ ಹೆಸರಾಯಿತು.

ನಾನು ಹುಟ್ಟಿದ್ದು ಹರಿಹರದಲ್ಲಿ, ಹೊಳೆಗೆ ಹೋಗುವ ದಾರಿಯ ಒಂದು ಓಣಿಯಲ್ಲಿ. ಮಣ್ಣಿನ ಮಾಳಿಗೆ ಮನೆ. ಪಡಸಾಲೆಯ ಅರ್ಧ ಹತ್ತಿ, ಇನ್ನರ್ಧದಲ್ಲಿ ನಾವು. ಗೋಡೆಯ ಗೂಟಕ್ಕೆ ಅಪ್ಪನ ಬಿಲ್ಲು ತೂಗುತ್ತಿತ್ತು. ನನಗಿಂತ ಉದ್ದದ ಆ ಮರದ ಬಿಲ್ಲಿಗೆ ನರದ ಹುರಿ ಬಿಗಿದಿತ್ತು. ಹುರಿಯನ್ನು ಹತ್ತಿಯ ಗುಡ್ಡೆಗೆ ತಾಗಿಸಿ ಮರದ ಕೊಡತಿಯಿಂದ ಹೊಡೆದರೆ ಟೊಂಯ್ ಎಂದು ಸದ್ದಾಗಿ, ವರ್ಷಗಟ್ಟಲೆ ಮಲಗಿ ಗಂಟುಗಟ್ಟಿದ ಹತ್ತಿಯೂ ಬಿಡಿಬಿಡಿಯಾಗಿ ಮೇಲೆ ಹಾರುತ್ತಿತ್ತು. ಸಂಜೆ ಹೊತ್ತಿಗೆ ಅಪ್ಪನ ಹುಬ್ಬು, ರೆಪ್ಪೆ, ಮೀಸೆ ಬೆಳ್ಳಗಾಗಿ ಮುದುಕನ ಹಾಗೆ ಕಾಣುತ್ತಿದ್ದ. ಮುಖ ತೊಳೆದರೆ ಮತ್ತೆ ಅಪ್ಪನಾಗುತ್ತಿದ್ದ. ಅವ್ವ ರೊಟ್ಟಿ ಬಡಿಯುವ ಮೊದಲು ಹಿಟ್ಟಿನ ಮೇಲೆ ಬಿದ್ದ ಎಳೆಗಳನ್ನು ಆರಿಸಿ ತೆಗೆಯುತ್ತಿದ್ದಳು. ಎಷ್ಟು ಆರಿಸಿದರೂ ಪುಂಡಿಪಲ್ಯದಲ್ಲಿ ಒಂದು ಎಳೆ ಹಲ್ಲಿಗೆ ಸಿಗುತ್ತಿತ್ತು. ಹಾಸಿಗೆ ತುಂಬಿ ಉಳಿದ ಒಂದು ಹಿಡಿ ಹತ್ತಿಯನ್ನು ಮನೆಯವರು ಪಿಂಜಾರನಿಗೆ ಬಿಡುವ ರೂಢಿ ಇತ್ತು. ಹಾಗೆ ಸೇರಿದ ಹತ್ತಿಯಿಂದಲೇ ನಮ್ಮ ಹಾಸಿಗೆ ಆಗಿತ್ತು. ಅಪ್ಪ ಅದನ್ನು ತಟ್ಟುತ್ತ, ಈ ಮೂಲೆ ಗೌರಕ್ಕನ ಮನೆಯದು, ಈ ಮಗ್ಗುಲು ಪೋಸ್ಟಿನವರ ಮನೆಯದು ಎಂದು ತೋರಿಸುತ್ತಿದ್ದ.

ಆ ಓಣಿ ಸ್ವರ್ಗವೇನೂ ಆಗಿರಲಿಲ್ಲ. ಪಕ್ಕದ ಮನೆಯ ಗೌರಕ್ಕ ನಮ್ಮ ಮನೆಯ ನೀರು ಕುಡಿಯುತ್ತಿರಲಿಲ್ಲ, ನಾವು ಅವರ ಅಡುಗೆಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ಆದರೆ ಮೊಹರಂ ಬಂದರೆ ಅವ್ವ ಮಾಡುವ ಚೊಂಗೆಗೆ ಅದೇ ಗೌರಕ್ಕ ಬೆಳಗಿನಿಂದ ಕಾಯುತ್ತಿದ್ದಳು. ನಮ್ಮ ಕಡೆ ಅದಕ್ಕೆ ಅಲಾವಿ ಹಬ್ಬ ಎನ್ನುತ್ತಾರೆ. ದೇವರು ಹೊರುವವರು, ಕೊಂಡ ಹಾಯುವವರು ಎಲ್ಲ ಜಾತಿಯವರೂ ಇರುತ್ತಾರೆ. ಗೋಧಿ ಹಿಟ್ಟಿನ ದಪ್ಪ ಹಾಳೆಯನ್ನು ಹೂವಿನ ಚಿತ್ತಾರ ಕೆತ್ತಿದ ಮಣೆಯ ಮೇಲೆ ಒತ್ತಿ, ಹಂಚಿನ ಮೇಲೆ ಬೇಯಿಸಿ, ಮೇಲೆ ಬೆಲ್ಲ ಮತ್ತು ಪುಟಾಣಿ ಹಿಟ್ಟು ಹಾಕಿದರೆ ಚೊಂಗೆ. ನಮ್ಮ ಮನೆಯಲ್ಲಿ ಅದಕ್ಕೊಂದು ಕಟ್ಟುಪಾಡು ಇತ್ತು. ಸುತ್ತಲ ಏಳು ಮನೆಗೆ ಕೊಟ್ಟು ಬರುವ ತನಕ ಮನೆಯವರು ಒಂದು ಚೂರನ್ನೂ ಬಾಯಿಗೆ ಹಾಕುವಂತಿಲ್ಲ. ಕೊಟ್ಟು ಬರುವ ಕೆಲಸ ಮನೆಯ ಮಗುವಿನದು. ತಟ್ಟೆ ಖಾಲಿ ವಾಪಸ್ಸು ಬರುತ್ತಿರಲಿಲ್ಲ. ಯಾರೋ ಚಿಟಿಕೆ ಸಕ್ಕರೆ, ಯಾರೋ ಒಂದು ಬೆಲ್ಲದ ಚೂರು ಹಾಕಿ ಕೊಡುತ್ತಿದ್ದರು. ಆ ಚೂರುಗಳು ನನ್ನವು. ಬುದ್ಧಿ ಬಂದಾಗಿನಿಂದ ನಾನು ಮಾಡಿದ ಮೊದಲ ಜವಾಬ್ದಾರಿಯ ಕೆಲಸ ಅದೇ.

ಹರಿಹರದಲ್ಲಿ ಹಾಸಿಗೆ ಕೆಲಸ ಕಡಿಮೆಯಾಗುತ್ತ ಬಂತು. ದಾವಣಗೆರೆಯಲ್ಲಿ ಹೊಸ ಹೊಸ ಮನೆಗಳು ಏಳುತ್ತಿದ್ದವು. ಹೊಸ ಮನೆ ಎಂದರೆ ಹೊಸ ಮಂಚ, ಹೊಸ ಮಂಚಕ್ಕೆ ಹೊಸ ಹಾಸಿಗೆ. ಅಪ್ಪ ದಿನಾ ಬಸ್ಸಿನ ಮೇಲೆ ಬಿಲ್ಲು ಕಟ್ಟಿಕೊಂಡು ಹೋಗಿ ಬರುತ್ತಿದ್ದ. ಒಂದು ಮಳೆಗಾಲದಲ್ಲಿ ಬಿಲ್ಲಿನ ಹುರಿ ನೆನೆದು ನೆನೆದು ಮೂರು ಸಲ ಕಿತ್ತುಹೋದ ಮೇಲೆ, ಅಲ್ಲೇ ಒಂದು ಮನೆ ಹಿಡಿಯುವುದೆಂದು ನಿಶ್ಚಯವಾಯಿತು. ಕೆಲಸ ಮಾಡಿಕೊಟ್ಟ ಮನೆಗಳಲ್ಲೆಲ್ಲ ಅಪ್ಪ ಕೇಳಿದ. ಎಲ್ಲರೂ ಬಹಳ ಪ್ರೀತಿಯಿಂದ ಇಲ್ಲ ಎಂದರು. ಒಬ್ಬರ ಮನೆಗೆ ತಮ್ಮ ಬರುವವನಿದ್ದ, ಒಬ್ಬರಿಗೆ ರಿಪೇರಿ ಮಾಡಿಸುವುದಿತ್ತು, ಒಬ್ಬರಿಗೆ ವಾಸ್ತು ಸರಿ ಇರಲಿಲ್ಲ. ಕೊನೆಗೆ ಸರ್ವಮಂಗಳಮ್ಮ ಎಂಬುವರು ಸಿಕ್ಕರು. ಅವರ ದೊಡ್ಡ ಮನೆಯ ಹಿತ್ತಲಿನಲ್ಲಿ ಎರಡು ಕೋಣೆ ಖಾಲಿ ಇದ್ದವು. ಅವರ ಮಗಳ ಮದುವೆ ಗೊತ್ತಾಗಿತ್ತು. ಬೀಗರ ಮನೆಗೆ ಕಳಿಸಲು, ನೆಂಟರಿಗೆ ಹಾಸಲು ಹತ್ತು ಹಾಸಿಗೆ, ಇಪ್ಪತ್ತು ದಿಂಬು ಆಗಬೇಕಿತ್ತು. ಮನೆ ನೋಡಲು ಅಪ್ಪ ನಮ್ಮಿಬ್ಬರನ್ನೂ ಕರೆದುಕೊಂಡು ಹೋಗಿದ್ದ. ಅವರು ಮೆಟ್ಟಿಲ ಮೇಲಿನ ಕುರ್ಚಿಯಲ್ಲಿ, ನಾವು ಅಂಗಳದಲ್ಲಿ.

"ನೋಡಪ್ಪ ಫಕೀರಪ್ಪ, ನನಗೇನೂ ಇಲ್ಲ. ಅಕ್ಕಪಕ್ಕದೋರು ಒಪ್ಪಲ್ಲ. ನಿನ್ನ ಹೆಸ್ರು ನಮ್ಮೋರ ಹೆಸ್ರಿದ್ದಂಗೇ ಐತೆ, ಮಾತೂ ನಮ್ಮಂಗೇ ಆಡ್ತಿ. ಯಾರಾದ್ರೂ ಕೇಳಿದ್ರೆ ಹಾಸಿಗೆ ಅಂಗಡೀಲಿ ಕೆಲಸ ಅನ್ನು, ಸಾಕು. ಬಾಡು ಮಾತ್ರ ಬ್ಯಾಡ. ನಿನ್ನ ಹೆಂಡ್ತಿ ಹೆಸರೇನು?"

"ಮಾಬವ್ವ ಅಮ್ಮಾರೆ."

"ಅದು ಆಗಲ್ಲ. ನಾನು ಮಾದೇವಿ ಅಂತ ಕರೀತೀನಿ. ಮತ್ತೆ ಹೊರಗೆ ಬರುವಾಗ ಹಣೆಗೆ ಒಂದು ಬೊಟ್ಟು ಇಟ್ಕಂಡ್ರೆ ಆತು. ಅದರಲ್ಲೇನೈತೆ?"

ಹೀಗೆ ಹೇಳಿ ಒಳಗೆ ಹೋಗಿ ಒಂದು ಸಣ್ಣ ಕುಂಕುಮದ ಡಬ್ಬಿಯನ್ನೂ ತಂದು ಮೆಟ್ಟಿಲ ಮೇಲೆ ಇಟ್ಟರು. ಅವ್ವ ಅಪ್ಪನ ಮುಖ ನೋಡಿದಳು. ಅಪ್ಪ ಹಿತ್ತಲಿನ ನಲ್ಲಿ ನೋಡುತ್ತಿದ್ದ. ಮನೆಯ ಬಾಗಿಲಲ್ಲೇ ನಲ್ಲಿ. ಅವ್ವ ಹುಟ್ಟಿದಾಗಿನಿಂದ ಹೊಳೆಯಿಂದ ನೀರು ಹೊತ್ತವಳು. ಎರಡು ಬೀದಿ ದಾಟಿದರೆ ಸ್ಕೂಲು ಬೇರೆ. ಅವ್ವ ಬಗ್ಗಿ ಡಬ್ಬಿ ಎತ್ತಿಕೊಂಡಳು. ಆ ಬಗ್ಗಿದ ಬೆನ್ನು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಮನೆ ಮಾತ್ರ ಚೆನ್ನಾಗಿತ್ತು. ಎರಡೂ ಕೋಣೆಗೆ ಸಿಮೆಂಟಿನ ನೆಲ, ಪೂರ್ವಕ್ಕೊಂದು ಕಿಟಕಿ, ಬಚ್ಚಲಿಗೆ ಬಾಗಿಲು. ಬೆಳಿಗ್ಗೆ ಬಿಸಿಲು ಚಾಪೆಯ ತನಕ ಬರುತ್ತಿತ್ತು. ನಾನು ಅದರ ಜೊತೆ ಜೊತೆಗೆ ಸರಿಯುತ್ತ ಓದಿಕೊಳ್ಳುತ್ತಿದ್ದೆ. ಅಪ್ಪ ದೊಡ್ಡ ಮನೆಯ ತಾರಸಿಯ ಮೇಲೆ ಮದುವೆಯ ಹಾಸಿಗೆಗಳಿಗೆ ಕೂತ. ನಮ್ಮ ಮನೆಯೊಳಗೆ ಹತ್ತಿ ಬರುವುದು ನಿಂತು, ರೊಟ್ಟಿಯಲ್ಲಿ ಎಳೆ ಸಿಗುವುದೂ ನಿಂತಿತು. ಅವ್ವ ಹೊರಗೆ ಹೋಗುವಾಗ ಬಾಗಿಲ ಹಿಂದಿನ ಕನ್ನಡಿಯ ಮುಂದೆ ನಿಂತು ಬೊಟ್ಟು ಇಟ್ಟುಕೊಳ್ಳುತ್ತಿದ್ದಳು. ಒಳಗೆ ಬಂದು ಬಾಗಿಲು ಮುಂದಕ್ಕೆ ಮಾಡಿದ ಕೂಡಲೇ ಸೆರಗಿನಿಂದ ಒರೆಸಿಕೊಳ್ಳುತ್ತಿದ್ದಳು. ಅವಳ ಎಲ್ಲ ಸೀರೆಗಳ ಸೆರಗಿನ ತುದಿ ಕೆಂಪಾಯಿತು. ಅಪ್ಪ ಮಸೀದಿಗೆ ಹೋಗುತ್ತಿದ್ದುದೇ ವರ್ಷಕ್ಕೆರಡು ಸಲ. ಆ ವರ್ಷ ಟೋಪಿಯನ್ನು ಜೇಬಿನಲ್ಲಿ ಮಡಿಸಿಟ್ಟುಕೊಂಡು ಹೋಗಿ ದೊಡ್ಡ ರಸ್ತೆ ದಾಟಿದ ಮೇಲೆ ಹಾಕಿಕೊಂಡನಂತೆ. ಬಾಡು ತಿನ್ನಲು ಭಾನುವಾರ ಹರಿಹರದ ಅಜ್ಜಿಯ ಮನೆಗೆ ಬಸ್ಸು ಹತ್ತುತ್ತಿದ್ದೆವು. ತಿಂದು, ಬಾಯಿ ಉಜ್ಜಿ ತೊಳೆದು, ಕೈ ಮೂಸಿ ನೋಡಿಕೊಂಡು ವಾಪಸ್ಸು ಬರುತ್ತಿದ್ದೆವು. ಒಮ್ಮೆ ಸರ್ವಮಂಗಳಮ್ಮ ನಲ್ಲಿಯ ಹತ್ತಿರ "ಮಾದೇವೀ" ಎಂದು ನಾಲ್ಕು ಸಲ ಕೂಗಿದರೂ ಅವ್ವ ತಿರುಗಿ ನೋಡಲಿಲ್ಲ. ಅವತ್ತು ಮನೆಯೊಳಗೆ ದೊಡ್ಡ ಜಗಳ.

"ನನ್ನ ಹೆಸರು ನನಗೇ ಮರೆತು ಹೋಗೋ ಹಂಗೆ ಮಾಡಿಬಿಟ್ರಿ ನೀವು."

"ಮೆಲ್ಲಕೆ ಮಾತಾಡು. ಮದಿವಿ ಮುಗೀಲಿ, ಬ್ಯಾರೆ ಮನಿ ನೋಡಾನು."

"ಬ್ಯಾರೆ ಮನ್ಯಾಗ ಏನಂತ ಹೆಸರಿಡ್ತಾರೋ ನೋಡಾನ ಬಿಡ್ರಿ."

ಅಷ್ಟು ಜಗಳವನ್ನೂ ಅವರು ಪಿಸುಮಾತಿನಲ್ಲೇ ಆಡಿದರು. ಹರಿಹರದಲ್ಲಿ ಅವರು ಜಗಳವಾಡಿದರೆ ಗೌರಕ್ಕ ಗೋಡೆಯಾಚೆಯಿಂದ ನ್ಯಾಯ ಹೇಳುತ್ತಿದ್ದಳು.

ಮೊಹರಂ ಬಂತು. ದಾವಣಗೆರೆಯಲ್ಲಿ ಮನೆಮನೆಗೆ ಹಂಚುವುದು ಆಗದ ಮಾತು ಎಂದು ಅವ್ವನಿಗೆ ಗೊತ್ತಿತ್ತು. ಆದರೆ ಚೊಂಗೆ ಮಾಡದೇ ಇರುವುದು ಅವಳಿಂದ ಆಗಲಿಲ್ಲ. ಸರ್ವಮಂಗಳಮ್ಮ ಮದುವೆಯ ಸೀರೆ ತರಲು ಹೊರಟ ಮೇಲೆ ಕಿಟಕಿ ಮುಚ್ಚಿ ಒಲೆ ಹಚ್ಚಿದಳು. ಕೈ ಅಳತೆಯ ಲೆಕ್ಕದಲ್ಲೇ ಹಿಟ್ಟು ಕಲಸಿದ್ದರಿಂದ ಪ್ರತಿ ವರ್ಷದ ಹಾಗೆ ಒಂದು ಬುಟ್ಟಿಯಾಯಿತು. ಅಷ್ಟರಲ್ಲಿ ಅಪ್ಪನಿಗೆ ಸೂಜಿ ದಾರ ಬೇಕೆಂದು ತಾರಸಿಯಿಂದ ಕೂಗು ಬಂತು; ದಾರ ತೀರಿತ್ತು. ಅವ್ವ ಬೊಟ್ಟು ಇಟ್ಟುಕೊಂಡು ಪೇಟೆಗೆ ಹೊರಟಳು. ಹೋಗುವಾಗ ನನಗೆ ಹೇಳಿದ್ದು ಒಂದೇ ಮಾತು.

"ಬೆಕ್ಕು ಬಂದೀತು, ನೋಡ್ಕಂತಿರು. ನಾನು ಬರೋಗಂಟ ತಿನ್ನಬ್ಯಾಡ."

ಯಾರಿಗೂ ಕೊಡಬೇಡ ಎಂದು ಹೇಳಲಿಲ್ಲ. ಹೇಳಬೇಕೆಂದು ಅವಳಿಗೆ ತೋಚಲೂ ಇಲ್ಲ. ನಾನು ಬುಟ್ಟಿಯ ಮುಂದೆ ಕೂತೆ. ಬೆಲ್ಲ ಕರಗಿ ಹೂವಿನ ಎಸಳುಗಳ ಗೆರೆಯಲ್ಲಿ ಇಳಿಯುತ್ತಿತ್ತು. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಏಳು ಮನೆಗೆ ಕೊಡದೆ ತಿನ್ನುವಂತಿಲ್ಲ, ಕೊಡುವವಳು ನಾನು, ಹಾಗಾದರೆ ಕೊಟ್ಟು ಬಂದರೆ ಅವ್ವ ಬರುವ ಹೊತ್ತಿಗೆ ಕೆಲಸ ಮುಗಿದಿರುತ್ತದೆ, ಬಂದ ಕೂಡಲೇ ತಿನ್ನಬಹುದು ಎಂದು ಒಂಬತ್ತು ವರ್ಷದ ತಲೆ ಲೆಕ್ಕ ಹಾಕಿತು. ಅವ್ವ ಮೆಚ್ಚುತ್ತಾಳೆ ಎಂದೂ ಅನ್ನಿಸಿತ್ತು. ಇದ್ದ ಎರಡು ತಟ್ಟೆಗಳನ್ನು ತೊಳೆದು, ಒರೆಸಿ, ಎರಡೆರಡು ಚೊಂಗೆ ಇಟ್ಟು, ಮೇಲೆ ಬಿಳಿ ಬಟ್ಟೆ ಮುಚ್ಚಿ ಗೇಟು ದಾಟಿದೆ. ತಟ್ಟೆ ಖಾಲಿಯಾದಾಗಲೆಲ್ಲ ಬಂದು ಮತ್ತೆ ತುಂಬಿಕೊಂಡು ಹೋದೆ.

ಯಾರೂ ಬೇಡ ಎನ್ನಲಿಲ್ಲ. ಇದನ್ನು ನಾನು ಒತ್ತಿ ಹೇಳಬೇಕು. ಏಳು ಬಾಗಿಲು ತಟ್ಟಿದೆ, ಏಳೂ ಬಾಗಿಲು ತೆರೆದವು, ಏಳೂ ಜನ ನಕ್ಕರು.

"ಏನವ್ವ ಇದು, ಎಷ್ಟು ಚಂದೈತೆ?"

"ಚೊಂಗೆ ರೀ. ಅಲಾವಿ ಹಬ್ಬದ್ದು. ನಮ್ಮವ್ವ ಮಾಡ್ಯಾಳೆ."

"ಹೌದಾ? ನಿಮ್ಮ ಮನ್ಯಾಗೆ ಅಲಾವಿ ಹಬ್ಬ ಮಾಡ್ತೀರಾ?"

"ಹೂಂ ರೀ, ನಾವು ಪಿಂಜಾರ್ರು."

ಇಷ್ಟನ್ನೂ ನಾನು ಹೆಮ್ಮೆಯಿಂದ ಹೇಳಿದೆ. ಅವರು ಚೊಂಗೆ ತೆಗೆದುಕೊಂಡು ಒಳಗೆ ಹೋಗಿ ತಟ್ಟೆ ತಂದುಕೊಟ್ಟರು. ಏಳು ಸಲವೂ ತಟ್ಟೆ ಖಾಲಿ. ಸಕ್ಕರೆ ಇಲ್ಲ, ಬೆಲ್ಲದ ಚೂರಿಲ್ಲ. ದಾವಣಗೆರೆಯವರಿಗೆ ರೂಢಿ ಇಲ್ಲವೇನೋ ಎಂದುಕೊಂಡೆ. ಒಬ್ಬರು ಮಾತ್ರ ತಟ್ಟೆಯನ್ನು ಕೈಗೆ ಕೊಡದೆ ಹೊಸ್ತಿಲ ಹೊರಗೆ ನೆಲದ ಮೇಲೆ ಇಟ್ಟರು. ಕೊನೆಯ ಮನೆಯಿಂದ ವಾಪಸ್ಸು ಬರುವಾಗ ಮೊದಲ ಮನೆಯ ಮುಂದಿನ ಚರಂಡಿಯಲ್ಲಿ ಎರಡು ಚೊಂಗೆ ಬಿದ್ದಿದ್ದವು. ಹೂವಿನ ಮಗ್ಗುಲು ಮೇಲಾಗಿತ್ತು, ಬೆಲ್ಲಕ್ಕೆ ನೊಣ ಮುತ್ತಿದ್ದವು. ಕೈ ಜಾರಿ ಬಿದ್ದಿರಬೇಕು, ಪಾಪ, ಇನ್ನೆರಡು ತಂದುಕೊಡಲೇ ಎಂದು ನಾನು ಅಲ್ಲೇ ನಿಂತು ಯೋಚಿಸಿದೆ. ಆ ಪೆದ್ದು ಹುಡುಗಿಯ ಮೇಲೆ ನನಗೆ ಬಂದಷ್ಟು ಸಿಟ್ಟು, ಮರುಕ ಇನ್ಯಾರ ಮೇಲೂ ಬಂದಿಲ್ಲ.

ಅವ್ವ ಬಂದು, ಖಾಲಿ ತಟ್ಟೆಗಳನ್ನೂ ಅರ್ಧ ಬುಟ್ಟಿಯನ್ನೂ ನೋಡಿ ನೆಲಕ್ಕೆ ಕೂತಳು. ನನಗೆ ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. ಒಂದು ಚೊಂಗೆ ಮುರಿದು ನನ್ನ ಬಾಯಿಗಿಟ್ಟು, "ತಿನ್ನು, ನಿನ್ನ ಕೆಲಸ ನೀನು ಮಾಡಿದೆವ್ವ" ಎಂದಳು. ದೀಪ ಹಚ್ಚುವ ಹೊತ್ತಿಗೆ ಗೇಟಿನ ಹತ್ತಿರ ಆರೇಳು ಜನ ಸೇರಿದ್ದರು. ಸರ್ವಮಂಗಳಮ್ಮ ಸೀರೆಯ ಪೆಟ್ಟಿಗೆಗಳನ್ನು ಇಳಿಸುತ್ತಿದ್ದರು. ಅಪ್ಪನನ್ನು ತಾರಸಿಯಿಂದ ಕರೆಸಿದರು. ಅವನ ಕೈಯಲ್ಲಿ ಹಾಸಿಗೆ ಹೊಲಿಯುವ ದಬ್ಬಣ ಹಾಗೇ ಇತ್ತು, ಮೈಯೆಲ್ಲ ಹತ್ತಿ. ಸರ್ವಮಂಗಳಮ್ಮ ಎಲ್ಲರ ಕಡೆ ತಿರುಗಿ, ನನ್ನ ಕಿವಿಯಾರೆ ಕೇಳಿದ್ದೇನೆ, ಹೀಗೆ ಹೇಳಿದರು:

"ನಮಗೇನು ಗೊತ್ತು ರೀ? ಫಕೀರಪ್ಪ ಅಂದ, ಮಾದೇವಿ ಅಂದ್ಲು. ಹಣೆ ತುಂಬ ಬೊಟ್ಟು ಬ್ಯಾರೆ. ಇಂಥ ಮೋಸ ಮಾಡ್ತಾರೆ ಅಂತ ನಾವು ಕನಸಿನಾಗೂ ಅಂದ್ಕಂಡಿರಲಿಲ್ಲ."

ನಾನು ಅಪ್ಪನ ಮುಖ ನೋಡಿದೆ. ಈಗ ಹೇಳುತ್ತಾನೆ, ಹೆಸರು ಇಟ್ಟವರು ನೀವು, ಕುಂಕುಮದ ಡಬ್ಬಿ ಕೊಟ್ಟವರು ನೀವು ಎಂದು ಈಗ ಹೇಳುತ್ತಾನೆ ಎಂದು ಕಾದೆ. ಅಪ್ಪ ದಬ್ಬಣವನ್ನು ಅಂಗಿಯ ಕಾಲರಿಗೆ ಚುಚ್ಚಿಕೊಂಡ. ತಲೆ ಎತ್ತದೆ ಹೇಳಿದ:

"ಇನ್ನೂ ಎರಡು ಹಾಸಿಗೆ ಉಳಿದಾವೆ ಅಮ್ಮಾರೆ. ಶುರು ಮಾಡಿದ ಹಾಸಿಗೆ ಹಂಗೇ ಬಿಟ್ಟು ಹೋಗಬಾರದು. ಮುಗಿಸಿಕೊಟ್ಟು ಖಾಲಿ ಮಾಡ್ತೀನಿ."

ಗುಂಪಿನಲ್ಲಿ ಒಬ್ಬರು "ಮನುಷ್ಯ ಒಳ್ಳೆಯವನೇ ಪಾಪ" ಎಂದರು. ಆ "ಪಾಪ"ವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಮೂರು ದಿನ ಅಪ್ಪ ತಾರಸಿಯ ಮೇಲೆ ಬಿಲ್ಲು ಬಾರಿಸಿದ. ಯಾವತ್ತೂ ದಿಂಬಿನ ಬಾಯಿ ಹೊಲಿದುಕೊಡುತ್ತಿದ್ದ ಅವ್ವ ಆ ಮೂರು ದಿನ ಸೂಜಿ ಮುಟ್ಟಲಿಲ್ಲ. ಬೊಟ್ಟು ಇಟ್ಟುಕೊಳ್ಳಲಿಲ್ಲ. ಖಾಲಿ ಹಣೆಯಲ್ಲಿ ನಲ್ಲಿಗೆ ಹೋಗಿ, ಎಲ್ಲರೂ ನೋಡುವ ಹಾಗೆ ಕೊಡ ತುಂಬಿಕೊಂಡು ಬಂದಳು. ಹೊರಡುವ ದಿನ ಸಾಮಾನು ತಳ್ಳುಗಾಡಿಗೆ ಏರಿದ ಮೇಲೆ, ಅವಳೊಬ್ಬಳೇ ದೊಡ್ಡ ಮನೆಯ ಮೆಟ್ಟಿಲ ತನಕ ಹೋಗಿ ಕುಂಕುಮದ ಡಬ್ಬಿಯನ್ನು, ಮೊದಲ ದಿನ ಅವರು ಎಲ್ಲಿಟ್ಟಿದ್ದರೋ ಅಲ್ಲೇ ಇಟ್ಟಳು.

"ತಗಳ್ರಿ. ಕುಂಕುಮದ ಮ್ಯಾಲೆ ನನಗೆ ಸಿಟ್ಟಿಲ್ಲ, ಕೊಟ್ಟ ಕೈ ಮ್ಯಾಲೆ ಸಿಟ್ಟೈತೆ. ನನ್ನ ಹೆಸರು ಮಾಬವ್ವ."

ಸರ್ವಮಂಗಳಮ್ಮ ಒಳಗೆ ಹೋದರು. ನನ್ನ ಇಡೀ ಬಾಲ್ಯದಲ್ಲಿ ಯಾರಾದರೂ ಒಬ್ಬರು ನೇರವಾಗಿ ಮಾತಾಡಿದ್ದು ಎಂದರೆ ಅದೊಂದೇ. ನಾನು ತಳ್ಳುಗಾಡಿಯ ಮೇಲೆ ಹತ್ತಿಯ ಮೂಟೆಗೆ ಒರಗಿ ಕೂತಿದ್ದೆ. ಅವ್ವನ ಹಾಗೆ ಆಗಬೇಕು, ಅಪ್ಪನ ಹಾಗೆ ಆಗಬಾರದು ಎಂದು ಅಲ್ಲೇ ನಿರ್ಧಾರ ಮಾಡಿದೆ.

ನಾವು ಹೋಗಿ ಬಿದ್ದದ್ದು ಮಂಡಕ್ಕಿ ಭಟ್ಟಿಗಳ ಕಡೆ. ಆ ಕಡೆ ಹಗಲೆಲ್ಲ ಹೊಟ್ಟು ಉರಿಸಿ ಮಂಡಕ್ಕಿ ಹುರಿಯುತ್ತಾರೆ. ಒಗೆದು ಹಾಕಿದ ಬಟ್ಟೆ ಒಣಗುವಷ್ಟರಲ್ಲಿ ಬೂದಿ ಬಣ್ಣಕ್ಕೆ ತಿರುಗುತ್ತದೆ. ಊರಿಗೆಲ್ಲ ಬೇಕಾದ ಮಂಡಕ್ಕಿ, ಊರಿಗೆ ಬೇಡವಾದ ಹೊಗೆ, ಎರಡನ್ನೂ ಅಲ್ಲಿನ ಜನರೇ ಹೊತ್ತಿದ್ದರು. ಮನೆಯ ಒಡತಿ ಮುಮ್ತಾಜ್ ಎಂಬ ದಪ್ಪ ಹೆಂಗಸು. ಎಲ್ಲರೂ ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ಅವಳು ಉರ್ದುವಿನಲ್ಲಿ ಏನೋ ಕೇಳಿದಳು. ನಾವು ಮೂವರೂ ಪಿಳಿಪಿಳಿ ಕಣ್ಣು ಬಿಟ್ಟೆವು. ಕೀಲಿಕೈ ಅವ್ವನ ಕೈಗೆ ಹಾಕಿ ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಉರ್ದು ಬರಲ್ಲ? ನೀವೆಂಥಾ ಮುಸಲ್ಮಾನ್ರು ರೀ?"

ಅಲ್ಲೂ ಸುಖವಿರಲಿಲ್ಲ. ಓಣಿಯ ಮಕ್ಕಳು ನನ್ನನ್ನು ಆಟಕ್ಕೆ ಸೇರಿಸದೆ "ಪಿಂಜಾರಿ, ಪಿಂಜಾರಿ" ಎಂದು ಹಿಂದೆ ಬೀಳುತ್ತಿದ್ದರು. ಅವರವರಲ್ಲೇ ಮೇಲು ಕೀಳು ನೋಡುವವರು, ಹೊಗೆಯಲ್ಲಿ ಕೂತಿದ್ದರೂ ನೋಡುತ್ತಿದ್ದರು. ಅದಕ್ಕೂ ನನಗೆ ಸಿಟ್ಟಿದೆ, ಬಿಟ್ಟಿಲ್ಲ. ಆದರೆ ಒಂದು ಮಾತು. ಖಾಲಾ ಮೊದಲು ಕೀಲಿಕೈ ಕೊಟ್ಟಳು, ಆಮೇಲೆ ನಕ್ಕಳು. ಬೇರೆ ಕಡೆ ಮೊದಲು ನಗುತ್ತಿದ್ದರು. ಅವ್ವ ಆ ಮನೆಯಲ್ಲಿ ಮತ್ತೆ ಜೋರಾಗಿ ಜಗಳವಾಡಲು ಶುರು ಮಾಡಿದಳು, ಮುಂದಿನ ಮೊಹರಂಗೆ ನನ್ನ ಕೈಗೆ ಮತ್ತೆ ತಟ್ಟೆ ಕೊಟ್ಟಳು.

ಅಪ್ಪನ ಬಗ್ಗೆ ಹೇಳುವುದು ಇನ್ನೂ ಕಷ್ಟ. ಮದುವೆ ಮುಗಿದ ಮೇಲೆ, ಚಳಿಗಾಲ ಹತ್ತಿರ ಬಂದಾಗ, ಅವನು ಅದೇ ಬಡಾವಣೆಗೆ ಬಿಲ್ಲು ಹೊತ್ತು ಹೋದ. ಅವತ್ತು ರಜೆ, ನಾನೂ ಅವನ ಹಿಂದೆ ಇದ್ದೆ. ಬೀದಿಯ ತುದಿಯಲ್ಲಿ ನಿಂತು ಹುರಿ ಮಿಡಿದ. ಟೊಂಯ್ ಎಂದಿದ್ದೇ ತಡ, ಬಾಗಿಲುಗಳು ತೆರೆದವು. ತಟ್ಟೆಯನ್ನು ನೆಲಕ್ಕಿಟ್ಟ ಹೆಂಗಸು "ಫಕೀರಪ್ಪಾ, ಬಾರಪ್ಪ, ನಮ್ಮವು ಎರಡು ಹಾಸಿಗೆ ಗಂಟಾಗ್ಯಾವೆ" ಎಂದು ಕೈಬೀಸಿ ಕರೆದಳು. ಅವಳ ಮುಖದಲ್ಲಿ ಒಂದಿಷ್ಟೂ ನಾಚಿಕೆ ಇರಲಿಲ್ಲ. ಏನಾದರೂ ನಡೆದಿತ್ತೆಂಬ ನೆನಪೂ ಇದ್ದ ಹಾಗೆ ಕಾಣಲಿಲ್ಲ. ನಮ್ಮನ್ನು ಓಡಿಸಿದವರು ಹಲ್ಲು ಕಡಿಯುವ ಕೆಟ್ಟವರಾಗಿದ್ದರೆ ನನಗೆ ಬದುಕು ಸುಲಭವಾಗುತ್ತಿತ್ತು. ಅವರು ನನಗೆ ಕುಡಿಯಲು ಮಜ್ಜಿಗೆ ಕೊಟ್ಟರು, ಸ್ಕೂಲು ಹೇಗಿದೆ ಎಂದು ಕೇಳಿದರು. ಅಪ್ಪ ಅವರ ಹಾಸಿಗೆ ಬಿಚ್ಚಿ ಹಿಂಜಿದ. ಉಳಿದ ಒಂದು ಹಿಡಿ ಹತ್ತಿಯನ್ನು ಅವರು ರೂಢಿಯಂತೆ ಅವನಿಗೇ ಬಿಟ್ಟರು; ಅವನು ರೂಢಿಯಂತೆ ಚೀಲಕ್ಕೆ ಹಾಕಿಕೊಂಡ. ದಾರಿಯಲ್ಲಿ ನಾನು ಕೇಳಿದೆ.

"ಅವತ್ತು ಯಾಕ ಸುಮ್ನೆ ನಿಂತಿದ್ದೆಪ್ಪ?"

"ಹೇಳಿದ್ರೆ ಮನೆ ಉಳೀತಿತ್ತಾ? ಮನೇನೂ ಹೋಗ್ತಿತ್ತು, ಕೆಲಸಾನೂ ಹೋಗ್ತಿತ್ತು."

ಅವನು ಸಾಯುವ ತನಕ ನಾನು ಆ ಮೌನವನ್ನು ಕ್ಷಮಿಸಲಿಲ್ಲ. ಅವನು ದುಡಿದು ಹಾಕಿದ್ದನ್ನು ಉಂಡು, ಓದಿ, ಟೀಚರ್ ಆದೆ.

ಹೋದ ತಿಂಗಳು ನಡೆದದ್ದನ್ನು ಹೇಳದಿದ್ದರೆ ಈ ಅಧ್ಯಾಯ ಮುಗಿಯುವುದಿಲ್ಲ. ನಾವು ಈಗಲೂ ಭಟ್ಟಿಗಳ ಕಡೆಯೇ ಇದ್ದೇವೆ. ಬೇರೆ ಕಡೆ ಕೇಳಿದಾಗಲೆಲ್ಲ ಯಾರದೋ ತಮ್ಮ ಬರುವವನಿರುತ್ತಾನೆ. ನನ್ನ ಮಗಳು ಸಲ್ಮಾ ಗಣಿತದ ಟೀಚರ್, ನಿಜಲಿಂಗಪ್ಪ ಬಡಾವಣೆಯ ಹತ್ತಿರದ ಒಂದು ಶಾಲೆಯಲ್ಲಿ. ಅಳಿಯ ಗಲ್ಫಿನಲ್ಲಿದ್ದಾನೆ. ಅವಳ ನಾಲ್ಕು ವರ್ಷದ ಮಗ ಇಮ್ರಾನನಿಗೆ ಉಬ್ಬಸ. ಹೊಗೆಯಿಂದ ದೂರ ಕರೆದುಕೊಂಡು ಹೋಗಿ, ಇಲ್ಲದಿದ್ದರೆ ಔಷಧಿ ಕೊಟ್ಟೂ ಪ್ರಯೋಜನವಿಲ್ಲ ಎಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದಾರೆ. ಸಲ್ಮಾ ಮನೆ ಹುಡುಕಿ ಹುಡುಕಿ ಸೋತಳು. ಫೋನಿನಲ್ಲಿ ಖಾಲಿ ಇರುವ ಮನೆ, ಅವಳು ತನ್ನ ಹೆಸರು ಹೇಳಿದ ಕೂಡಲೇ ತುಂಬಿಹೋಗುತ್ತದೆ. ಕೊನೆಗೆ ಒಂದು ಮನೆ ಕಂಡಿತು. ಅವಳು ನನ್ನೆದುರು ಕೂತು, ಕಣ್ಣು ತಪ್ಪಿಸಿ ಹೇಳಿದಳು:

"ಅವ್ವ, ನೀನು ಹೋಗಿ ಮಾತಾಡು. ಹೊನ್ನೂರಮ್ಮ ಅನ್ನು, ರಿಟೈರ್ಡ್ ಕನ್ನಡ ಟೀಚರ್ ಅನ್ನು. ಸುಳ್ಳೇನಲ್ಲ ತಾನೆ? ಅಗ್ರಿಮೆಂಟ್ ನಿನ್ನ ಹೆಸರಲ್ಲೇ ಆಗ್ಲಿ. ಅಲ್ಲಿದ್ದಾಗ ನನ್ನ ಸುಮಾ ಅಂತ ಕರಿ."

ನನ್ನ ಮಗಳು. ನಾನೇ ಓದಿಸಿದವಳು. ತನ್ನ ಹೆಸರನ್ನು ತಾನೇ ಬಿಚ್ಚಿ ನನ್ನ ಕೈಗಿಟ್ಟಳು. ಸರ್ವಮಂಗಳಮ್ಮನ ಅಗತ್ಯವೂ ಈಗ ಉಳಿದಿಲ್ಲ. ನಾನು ಸೀರೆ ಬದಲಿಸಿಕೊಂಡು ಅವಳ ಸ್ಕೂಟಿ ಹತ್ತಿದೆ.

ಮನೆ ಮೊದಲ ಮಹಡಿಯಲ್ಲಿತ್ತು. ಮಾಲೀಕ ಇನ್ನೂ ಚಿಕ್ಕವನು, ವಿನಯವಂತ. ನಮ್ಮ ಹೈಸ್ಕೂಲಿಗೆ ಬಂದಿದ್ದರೆ ನನ್ನ ವಿದ್ಯಾರ್ಥಿ ಆಗಿರುತ್ತಿದ್ದನೇನೋ. ಪೂರ್ವಕ್ಕೆ ದೊಡ್ಡ ಕಿಟಕಿ. ಬಿಸಿಲು ನೆಲದ ಅರ್ಧದ ತನಕ ಬಂದಿತ್ತು. ಇಮ್ರಾನ ಅಲ್ಲಿ ಕೂತು ಗೊಂಬೆ ಆಡುವುದನ್ನು ನಾನು ಮನಸ್ಸಿನಲ್ಲೇ ಕಂಡೆ. ಹೆಸರು ಹೇಳಿದೆ. ಅವನ ಮುಖ ಅರಳಿತು.

"ನಿಮ್ಮ ಕನ್ನಡ ಕೇಳಾಕೆ ಎಷ್ಟು ಚಂದೈತೆ ಟೀಚರ್. ನಮ್ಮ ಕಡೇರೇ ಬಿಡ್ರಿ. ಕೀಲಿ ಇವತ್ತೇ ತಗಳ್ರಿ."

ಕೀಲಿಕೈ ಅವನ ಬೆರಳಿನಿಂದ ನನ್ನ ಕೈಗೆ ಬರಲು ಒಂದು ಗೇಣು ಉಳಿದಿತ್ತು. ಸುಮ್ಮನೆ ಇದ್ದರೆ ಸಾಕಿತ್ತು. ಅಪ್ಪ ಅವತ್ತು ಗೇಟಿನ ಹತ್ತಿರ ಎಷ್ಟು ಭಾರ ಹೊತ್ತು ಸುಮ್ಮನೆ ನಿಂತಿದ್ದ ಎಂದು ನನಗೆ ಆ ಕ್ಷಣದಲ್ಲಿ ಗೊತ್ತಾಯಿತು. ಮೊದಲ ಸಲ ಅವನ ಮೇಲಿನ ಸಿಟ್ಟು ಸಡಿಲವಾಯಿತು. ಆದರೂ ನನ್ನ ಬಾಯಿ ಅವ್ವನ ಬಾಯಿ.

"ನಾವು ಪಿಂಜಾರರು ಕಣಪ್ಪ, ಮುಸಲ್ಮಾನರು. ನನ್ನ ಮಗಳ ಹೆಸರು ಸಲ್ಮಾ. ಮೊಮ್ಮಗ ಇಮ್ರಾನ. ಈಗ ಕೊಡು ಕೀಲಿ."

ಅವನು ನಗುವುದನ್ನು ನಿಲ್ಲಿಸಲಿಲ್ಲ. ಅಣ್ಣನನ್ನು ಒಂದು ಮಾತು ಕೇಳಬೇಕು, ಫೋನ್ ಮಾಡಿ ಬರುತ್ತೇನೆ, ಕೂಡ್ರಿ ಟೀಚರ್ ಎಂದು ಕೆಳಗೆ ಹೋದ. ನಾವಿಬ್ಬರೂ ಮೆಟ್ಟಿಲ ಮೇಲೆ ಕೂತೆವು. ಬಹಳ ಹೊತ್ತಾದ ಮೇಲೆ ಕೆಳಗಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದ ಸದ್ದಾಯಿತು. ಸಲ್ಮಾ ಎದ್ದಳು. ನಮ್ಮ ಓಣಿಯ ಹೊಗೆಯೊಳಗೆ ಸ್ಕೂಟಿ ತಿರುಗಿದಾಗ ಒಂದೇ ಮಾತು ಕೇಳಿದಳು.

"ಯಾಕ ಹೇಳಿದೆವ್ವ?"

ನನ್ನ ಬಾಯಿಂದ ಮನೆ ಹೋದದ್ದು ಇದು ಎರಡನೇ ಸಲ. ಮೊದಲ ಸಲ ಏನು ಮಾಡುತ್ತಿದ್ದೇನೆಂದು ನನಗೆ ಗೊತ್ತಿರಲಿಲ್ಲ, ಈ ಸಲ ಗೊತ್ತಿತ್ತು. ಒಳಗೆ ಇಮ್ರಾನ ಕೆಮ್ಮುತ್ತಿದ್ದ. ನಾನು ಬಾಗಿಲು ಮುಂದಕ್ಕೆ ಮಾಡಿ ಸೆರಗಿನಿಂದ ಹಣೆ ಒರೆಸಿಕೊಂಡೆ. ಬೆವರು ಬಿಟ್ಟು ಅಲ್ಲಿ ಬೇರೇನೂ ಇರಲಿಲ್ಲ.